ಪರೀಕ್ಷೆ ಮುಗಿದ ಮೇಲೂ ಪಾಠ ನೆನಪಿರಬೇಕೆ?

ಮಾರ್ಚ್‌ನಲ್ಲಿ ಗಡಗಡನೆ ಒಪ್ಪಿಸಿದ ಸೂತ್ರ ಜೂನ್‌ನಲ್ಲಿ ಶಾಲೆ ತೆರೆಯುವಷ್ಟರಲ್ಲಿ ಮಾಯ. ಸ್ಟಾಫ್ ರೂಮಿನ ಈ ಹಳೆಯ ದೂರಿಗೆ ಒಂದು ಕಾರಣ, ಓದಿದ್ದನ್ನೇ ಮತ್ತೆ ಮತ್ತೆ ಓದಿಸುವ ರೂಢಿ. ಅಮೆರಿಕದ ಮನೋವಿಜ್ಞಾನಿಗಳಾದ ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕಿ 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಪಠ್ಯವನ್ನು ಎರಡು ಸಲ ಓದಿದವರು ಐದು ನಿಮಿಷದ ನಂತರ ಮುಂದಿದ್ದರು. ವಾರ ಕಳೆದಾಗ ಅವರ ನೆನಪಿನಲ್ಲಿ ಉಳಿದದ್ದು ಶೇ 42ರಷ್ಟು. ಒಮ್ಮೆ ಓದಿ, ನೋಡದೆ ಬರೆದವರಲ್ಲಿ ಶೇ 56.

ಇದನ್ನು ತರಗತಿಗೆ ತರುವುದು ಹೇಗೆ? ಬೆಂಗಳೂರಿನ ಕುಂದಲಹಳ್ಳಿಯ ಶಾಲೆಯೊಂದರಲ್ಲಿ ‘ಸರಾಸರಿ ವೇಗ’ದ ಪಾಠ ಇದೆ ಎಂದುಕೊಳ್ಳೋಣ.

1. ಮೊದಲು ಊಹೆ: ಕುಂದಲಹಳ್ಳಿಯಿಂದ ಮುಂದಿನ ನಿಲ್ದಾಣ ನಲ್ಲೂರಹಳ್ಳಿಗೆ ಮೆಟ್ರೊ ಯಾವ ವೇಗದಲ್ಲಿ ಹೋಗುತ್ತದೆ? ಪಾಠಕ್ಕೆ ಮುಂಚೆಯೇ ಪ್ರತಿ ಮಗುವೂ ತನ್ನ ಊಹೆಯನ್ನು ಬರೆದಿಡಲಿ.

2. ಆಮೇಲೆ ಅಳತೆ: 2023ರಿಂದ ಇಲ್ಲಿ ಓಡುತ್ತಿರುವ ನೇರಳೆ ಮಾರ್ಗದಲ್ಲಿ ಮನೆಯವರ ಜೊತೆ ಹೋಗುವ ಮಕ್ಕಳು, ರೈಲು ಹೊರಟು ನಿಲ್ಲುವವರೆಗಿನ ಸೆಕೆಂಡುಗಳನ್ನು ಬರೆದುಕೊಂಡು ಬರಲಿ. ದೂರ ನಕ್ಷೆಯಲ್ಲಿ ಸಿಗುತ್ತದೆ. ಮೀಟರನ್ನು ಸೆಕೆಂಡಿನಿಂದ ಭಾಗಿಸಿ 3.6ರಿಂದ ಗುಣಿಸಿದರೆ ಗಂಟೆಗೆ ಎಷ್ಟು ಕಿ.ಮೀ. ಎಂಬುದು ಗೊತ್ತಾಗುತ್ತದೆ. 1,000 ಮೀಟರಿಗೆ 100 ಸೆಕೆಂಡ್ ಹಿಡಿದರೆ 36 ಕಿ.ಮೀ. ಊಹೆಗೂ ಉತ್ತರಕ್ಕೂ ಅಂತರ ಏಕೆ ಬಂತು ಎಂಬ ಚರ್ಚೆಯೇ ಅಂದಿನ ಪಾಠ.

3. ಮಕ್ಕಳೇ ಹೇಳಿಕೊಡಲಿ: 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದ ‘ನಲಿ-ಕಲಿ’ ಬೋಧನಾ ಪದ್ಧತಿ ಗುಂಪು ಕಲಿಕೆಗೆ ದಾರಿ ತೋರಿಸಿತು. ಕೆಲಸ ಹುಡುಕಿಕೊಂಡು ಬಂದ ಕುಟುಂಬಗಳೇ ಹೆಚ್ಚಿರುವ ಕುಂದಲಹಳ್ಳಿ ಭಾಗದಲ್ಲಿ ಒಂದೇ ಬೆಂಚಿನಲ್ಲಿ ಕನ್ನಡ, ತೆಲುಗು, ತಮಿಳು, ಹಿಂದಿ ಮನೆಮಾತಿನ ಮಕ್ಕಳಿರುತ್ತಾರೆ. ಲೆಕ್ಕ ಅರ್ಥವಾದವರು ಪಕ್ಕದವರಿಗೆ ತಿಳಿಯುವ ಮಾತಿನಲ್ಲಿ ವಿವರಿಸಿದರೆ ಇಬ್ಬರಿಗೂ ಲಾಭ.

4. ಬಿಡುವು ಕೊಟ್ಟು ಕೇಳಿ: ಮರುದಿನ, ವಾರದ ಮೇಲೆ, ತಿಂಗಳಾದ ಮೇಲೆ ಪುಸ್ತಕ ಮುಚ್ಚಿಸಿ ಮೂರು ಪ್ರಶ್ನೆ. ಪ್ರಶ್ನೆ ಬದಲಾಗುತ್ತಿರಲಿ: ಮೊದಲು ಮೆಟ್ರೊ, ನಂತರ ಕುಂದಲಹಳ್ಳಿ ಗೇಟ್‌ನ ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡ ಬಿಎಂಟಿಸಿ ಬಸ್ಸು. ಇದಕ್ಕೆ ಅಂಕ ಬೇಡ.

5. ತಪ್ಪಿನ ಜಾಡು ಹಿಡಿಯಿರಿ: ಕೆಂಪು ಗೆರೆ ಎಳೆಯುವ ಮೊದಲು ‘ಈ ಉತ್ತರ ಹೇಗೆ ಬಂತು?’ ಎಂದು ಕೇಳಿ. ನಿಮಿಷವನ್ನು ಗಂಟೆಗೆ ಬದಲಿಸದೆ ಲೆಕ್ಕ ಮಾಡಿದ್ದು ಮಗುವಿಗೇ ಹೊಳೆಯಬಹುದು.

ಸಿಲಬಸ್ ಮುಗಿಸುವ ಅವಸರದಲ್ಲಿ ಇದೆಲ್ಲ ಎಲ್ಲಿ ಸಾಧ್ಯ ಎನ್ನುವ ಶಿಕ್ಷಕರು, ನಾಲ್ಕನೇ ಹೆಜ್ಜೆಯೊಂದನ್ನೇ ಹಿಡಿದುಕೊಂಡರೂ ಸಾಕು; ಅದಕ್ಕೆ ಬೇಕಾಗುವುದು ಪೀರಿಯಡ್ಡಿನ ಮೊದಲ ಐದು ನಿಮಿಷ. ಬರುವ ಸೋಮವಾರ ಒಂದು ತರಗತಿಯಲ್ಲಿ, ಒಂದು ವಿಷಯದಲ್ಲಿ ಶುರು ಮಾಡಿ, ತಿಂಗಳಾದ ಮೇಲೆ ಫಲಿತಾಂಶ ನೋಡಿ.