ತಲೆ ಲೆಕ್ಕ, ತಟ್ಟೆ ಲೆಕ್ಕ

ಕ್ಯಾಟ್ ಪರೀಕ್ಷೆಗೆ ಓದುತ್ತಿದ್ದ ವರ್ಷ ನನ್ನನ್ನು ಹೆಚ್ಚು ಕಾಡಿದ್ದು ಗಣಗಳ ಲೆಕ್ಕ. ಹೈಸ್ಕೂಲಿನಲ್ಲೇ ಕಲಿತದ್ದು, ಎರಡು ಗಣ ಕೂಡಿಸಿ ಛೇದನ ಕಳೆಯುವುದು ಬಾಯಿಪಾಠ, ವೆನ್ ಚಿತ್ರವನ್ನಂತೂ ಬಳೆ ಇಟ್ಟು ಗೀಚುತ್ತಿದ್ದೆ. ಆದರೂ ಮಾಕ್ ಟೆಸ್ಟಿನಲ್ಲಿ ತಪ್ಪುತ್ತಿತ್ತು. ಸರಿಯಾದರೆ 3 ಅಂಕ, ಆಯ್ಕೆಯ ಪ್ರಶ್ನೆ ತಪ್ಪಿದರೆ 1 ಕಡಿತ.

ಅಂಥ ಒಂದು ಪ್ರಶ್ನೆಯನ್ನು ನಮ್ಮ ತಿಂಡಿಗೆ ಇಳಿಸಿ ಹೇಳುತ್ತೇನೆ. ಹಾಸ್ಟೆಲಿನಲ್ಲಿ 140 ಜನ. ಇಡ್ಲಿ ತಿಂದವರು 70, ದೋಸೆ 60, ಉಪ್ಪಿಟ್ಟು 50. ‘ಅಟ್ ಲೀಸ್ಟ್ ಟೂ’ ತಿಂದವರು 36, ಮೂರನ್ನೂ ತಿಂದವರು 15. ಏನೂ ತಿನ್ನದವರೆಷ್ಟು? ನಾನು 26 ಎಂದು ಗುರುತು ಹಾಕಿದೆ. ಆಯ್ಕೆಗಳಲ್ಲಿ 26 ಇತ್ತು! ಪ್ರಶ್ನೆ ಮಾಡುವವರು ನಮ್ಮ ತಪ್ಪನ್ನು ಮೊದಲೇ ಮಾಡಿ ನೋಡಿರುತ್ತಾರೆ.

ಅಪ್ಪ ಊರಲ್ಲಿ ತಿಂಡಿ ಹೋಟೆಲ್ ನಡೆಸುತ್ತಿದ್ದರು. ರಜೆಯಲ್ಲಿ ಗಲ್ಲಾದ ಪಕ್ಕ ಕೂತು ಈ ಲೆಕ್ಕ ಓದಿ ಹೇಳಿದೆ. “180 ತಟ್ಟೆ ಎದ್ದಿದೆ. ತಲೆಗೊಂದು ಬಿಟ್ಟು ಮಿಕ್ಕ ತಟ್ಟೆ ಎಷ್ಟು, ಅದು ಹೇಳು” ಎಂದರು. 36ರಲ್ಲಿ ಆ 15 ಜನ ಸೇರಿಯೇ ಇದ್ದಾರೆ. ಎರಡೇ ತಟ್ಟೆಯವರು 21 ಮಂದಿ, ಅವರದು ತಲಾ ಒಂದು ಹೆಚ್ಚಿಗೆ. ಮೂರು ತಟ್ಟೆಯ 15 ಮಂದಿಯದು ತಲಾ ಎರಡು, ಅಂದರೆ 30. ಒಟ್ಟು 51 ಕಳೆದರೆ ತಿಂದ ತಲೆ 129. ಉಪವಾಸ ಇದ್ದವರು 11.

ನಾನು ಎಡವಿದ್ದು ಗಣಿತದಲ್ಲಲ್ಲ, ಓದುವುದರಲ್ಲಿ. ‘ಎರಡಾದರೂ’ ಎಂದಿದ್ದನ್ನು ‘ಎರಡೇ’ ಎಂದು ಓದಿಕೊಂಡಿದ್ದೆ. ಅಂದಿನಿಂದ ಪ್ರಶ್ನೆ ಇಂಗ್ಲಿಷಿನಲ್ಲಿದ್ದರೂ ರಫ್ ಹಾಳೆಯ ಮೇಲೆ ಕನ್ನಡದಲ್ಲೇ ಬರೆದುಕೊಳ್ಳತೊಡಗಿದೆ: ದೋಸೆ, ದೋಸೆ ಮಾತ್ರ, ಎರಡೇ, ಎರಡಾದರೂ. ಒಂದು ‘ಏ’ಕಾರದಲ್ಲಿ 15 ಜನ ಒಳಗೋ ಹೊರಗೋ ಆಗುತ್ತಾರೆ. ಜಾನ್ ವೆನ್ 1880ರಲ್ಲಿ ತಮ್ಮ ಚಿತ್ರಗಳನ್ನು ಪ್ರಕಟಿಸಿದ್ದೂ ತರ್ಕದ ವಾಕ್ಯಗಳನ್ನು ಒರೆಗೆ ಹಚ್ಚಲು ಎಂದು ಆಮೇಲೆ ಓದಿದೆ.

ಎರಡೇ ಗಣವಿದ್ದರೆ ನಾನೀಗ ವೃತ್ತ ಬರೆಯುವುದಿಲ್ಲ. ಹೌದು–ಇಲ್ಲ ಎಂದು ನಾಲ್ಕು ಮನೆಯ ಕೋಷ್ಟಕ ಸಾಕು. ಶೇಕಡಾ ಕೊಟ್ಟಿದ್ದರೆ 100 ಜನ ಅಂದುಕೊಳ್ಳುತ್ತೇನೆ. ಕೆಲವಕ್ಕೆ ಅದೂ ಬೇಡ.

ನೀವೇ ನೋಡಿ: 100 ಜನರಲ್ಲಿ 70 ಮಂದಿ ಕಾಫಿ ಕುಡಿದರು, 80 ಮಂದಿ ಟೀ. ಎರಡನ್ನೂ ಕುಡಿದವರು ಕಡೇ ಪಕ್ಷ ಎಷ್ಟು? ಪೆನ್ನು ಮುಟ್ಟಬೇಡಿ, ಲೋಟ ಎಣಿಸಿ.