30% ಇರುವಾಗಲೇ ಲ್ಯಾಪ್‌ಟಾಪ್ ಆಫ್!

ಪ್ರಶ್ನೆ: ಮುಂಬೈನ ಗ್ರಾಂಟ್ ರೋಡ್ ನಿವಾಸಿ. ನಾಲ್ಕು ವರ್ಷದ ವಿಂಡೋಸ್ ಲ್ಯಾಪ್‌ಟಾಪ್ 30% ಚಾರ್ಜ್ ತೋರಿಸುವಾಗಲೇ ತಟ್ಟನೆ ಆಫ್ ಆಗುತ್ತದೆ. ಹೊಸದು ಕೊಳ್ಳಬೇಕೇ?

ಉತ್ತರ: ಬೇಡ, ಮೊದಲು ಬ್ಯಾಟರಿ ಪರೀಕ್ಷಿಸಿ. ಸವೆದ ಸೆಲ್‌ಗಳ ವೋಲ್ಟೇಜ್ ಕೆಲಸದ ಹೊರೆ ಬಿದ್ದಾಗ ಕುಸಿಯುತ್ತದೆ. ಪರದೆಯ ಮೇಲಿನ 30% ಬರೀ ಅಂದಾಜು. ಕಮಾಂಡ್ ಪ್ರಾಂಪ್ಟ್‌ನಲ್ಲಿ ‘ಪವರ್‌ಸಿಎಫ್‌ಜಿ’, ಒಂದು ಸ್ಪೇಸ್, ಓರೆಗೆರೆ, ‘ಬ್ಯಾಟರಿರಿಪೋರ್ಟ್’ ಎಂದು ಇಂಗ್ಲಿಷಿನಲ್ಲಿ ಟೈಪಿಸಿ. ಸಿಗುವ ವರದಿಯಲ್ಲಿ ‘ಡಿಸೈನ್ ಕೆಪಾಸಿಟಿ’ 45,000 ಇದ್ದು ‘ಫುಲ್ ಚಾರ್ಜ್ ಕೆಪಾಸಿಟಿ’ 22,000ಕ್ಕೆ ಇಳಿದಿದ್ದರೆ ಬ್ಯಾಟರಿ ಬದಲಿಸಲೇಬೇಕು. ಎರಡೂ ಹತ್ತಿರವಿದ್ದರೆ ಪೂರ್ತಿ ಚಾರ್ಜ್ ಮಾಡಿ, ಆಫ್ ಆಗುವವರೆಗೆ ಬಳಸಿ, ಮತ್ತೆ ಪೂರ್ತಿ ತುಂಬಿಸಿ; ಅಂದಾಜು ಸರಿಹೋಗಬಹುದು. ಅಲ್ಲಿಯವರೆಗೆ ಪವರ್ ಆಪ್ಷನ್ಸ್‌ನಲ್ಲಿ ‘ಕ್ರಿಟಿಕಲ್ ಬ್ಯಾಟರಿ’ ಮಟ್ಟವನ್ನು 35%ಗೆ ಏರಿಸಿ, ‘ಹೈಬರ್ನೇಟ್’ ಆರಿಸಿ. ಕೆಲಸ ಉಳಿಯುತ್ತದೆ.

ಬ್ಯಾಟರಿಗೆ ನಿಮ್ಮ ಪಕ್ಕದ ಲ್ಯಾಮಿಂಗ್ಟನ್ ರೋಡಿನ ಅಂಗಡಿಗಳೇ ಸಾಕು. ಹಳೆಯ ಬ್ಯಾಟರಿಯ ಪಾರ್ಟ್ ನಂಬರ್, ವೋಲ್ಟೇಜ್ ಹೊಸದಕ್ಕೆ ತಾಳೆಯಾಗಲಿ. ಎದುರಿಗೇ ಹಾಕಿಸಿ, ವರದಿ ಮತ್ತೊಮ್ಮೆ ತೆಗೆಸಿ, ವಾರಂಟಿ ಬರೆದ ಬಿಲ್ ಪಡೆಯಿರಿ. ತೀರಾ ಅಗ್ಗದ್ದನ್ನು ನಾನಂತೂ ಕೊಳ್ಳುವುದಿಲ್ಲ.

ಟಚ್‌ಪ್ಯಾಡ್ ಉಬ್ಬಿದೆಯೇ? ಇವತ್ತೇ ಚಾರ್ಜ್ ಮಾಡುವುದನ್ನು ನಿಲ್ಲಿಸಿ, ಒತ್ತಬೇಡಿ, ನೇರ ಸರ್ವಿಸ್ ಸೆಂಟರ್‌ಗೆ ಒಯ್ಯಿರಿ, ಬೆಂಕಿಯ ಅಪಾಯವಿದೆ. ಚಾರ್ಜರ್ ಹಾಕಿದ್ದಾಗಲೂ ಆಫ್ ಆದರೆ ದೋಷ ಫ್ಯಾನ್‌ನಲ್ಲೋ ಮದರ್‌ಬೋರ್ಡ್‌ನಲ್ಲೋ ಇರಬಹುದು, ಅದನ್ನು ತಂತ್ರಜ್ಞರೇ ನೋಡಬೇಕು.