ಗೋಲ್‌ಕೀಪರ್‌ನ ಲೆಡ್ಜರ್

ಕ್ರಿಕೆಟ್ ಬಿಟ್ಟು ಐಸ್ ಹಾಕಿಯ ಬಗ್ಗೆ ಬರೆಯುತ್ತಿದ್ದೇನೆಂದು ಆಶ್ಚರ್ಯಪಡಬೇಡಿ. ಟೀಕೆಯನ್ನು ಎದುರಿಸುವುದು ಹೇಗೆ ಎಂಬುದಕ್ಕೆ ಕೆನಡಾದ ಮಾರ್ಕ್-ಆಂದ್ರೆ ಫ್ಲೂರಿಯ ಆಟದ ಬದುಕು ಒಳ್ಳೆಯ ಪಾಠ.

ಐಸ್ ಹಾಕಿಯಲ್ಲಿ ಚೆಂಡಿಲ್ಲ. ಪಕ್ ಎಂಬ ಗಟ್ಟಿ ರಬ್ಬರ್ ಬಿಲ್ಲೆ ಇರುತ್ತದೆ. ಗೋಲ್‌ಕೀಪರ್‌ನ ಲೆಕ್ಕ ನಮ್ಮ ವಾಣಿಜ್ಯ ವಿದ್ಯಾರ್ಥಿಗಳಿಗೆ ಸುಲಭ. ತಡೆದ ಹೊಡೆತಗಳನ್ನು ಬಂದ ಹೊಡೆತಗಳಿಂದ ಭಾಗಿಸಿದರೆ ಅವನ ಶೇಕಡಾವಾರು ಸಿಗುತ್ತದೆ.

2003ರಲ್ಲಿ ಪಿಟ್ಸ್‌ಬರ್ಗ್ ಪೆಂಗ್ವಿನ್ಸ್ ತಂಡ ಫ್ಲೂರಿಯನ್ನು ಮೊದಲ ಆಯ್ಕೆಯಾಗಿ ತೆಗೆದುಕೊಂಡಿತು. 2009ರಲ್ಲಿ ಆತ ಸ್ಟಾನ್ಲಿ ಕಪ್ ಗೆದ್ದ. ಆದರೆ 2012ರ ಪ್ಲೇಆಫ್‌ನಲ್ಲಿ ಫಿಲಡೆಲ್ಫಿಯಾ ಎದುರು ಆತ ತಡೆದದ್ದು ಶೇ. 83.4 ಮಾತ್ರ. ಅಂದರೆ 30 ಹೊಡೆತಕ್ಕೆ ಸುಮಾರು 5 ಗೋಲು! ಟೀಕೆಗಳ ಸುರಿಮಳೆಯಾಯಿತು. 2013ರ ಪ್ಲೇಆಫ್‌ನ ನಡುವೆ ಆತನನ್ನು ಕೂರಿಸಿ ಬೇರೊಬ್ಬನನ್ನು ಇಳಿಸಿದರು.

ಟೀಕೆಯಲ್ಲಿ ನಿಜವಿತ್ತು, ಅಂಕಿ ಸುಳ್ಳು ಹೇಳುವುದಿಲ್ಲ. ಆದರೆ ಆ ಅಂಕಿ ಒಂದು ಸರಣಿಯದು, ಇಡೀ ಮನುಷ್ಯನದಲ್ಲ. ಮುಂದೆ ನಿಂತ ರಕ್ಷಣಾ ಆಟಗಾರರ ತಪ್ಪು ಕೂಡ ಗೋಲ್‌ಕೀಪರ್‌ನ ಖಾತೆಗೇ ಜಮಾ ಆಗುತ್ತದೆ.

ಫ್ಲೂರಿ ವಾದಕ್ಕಿಳಿಯಲಿಲ್ಲ. ಆ ಬೇಸಿಗೆಯಲ್ಲಿ ಕ್ರೀಡಾ ಮನಶ್ಶಾಸ್ತ್ರಜ್ಞರ ನೆರವು ಪಡೆದ. 2016ರಲ್ಲಿ ಕಿರಿಯ ಮ್ಯಾಟ್ ಮರ್ರೆ ಆತನ ಸ್ಥಾನ ಪಡೆದ. 2017ರ ಪ್ಲೇಆಫ್ ಶುರುವಾಗುವಾಗ ಮರ್ರೆ ಗಾಯಗೊಂಡಾಗ ಫ್ಲೂರಿಯೇ 9 ಪಂದ್ಯ ಗೆಲ್ಲಿಸಿದ. ಮರ್ರೆ ಮರಳಿ ಬಂದ. ತಂಡ ಕಪ್ ಗೆದ್ದಾಗ ಫ್ಲೂರಿ ಅದನ್ನು ತಾನೇ ಮರ್ರೆಯ ಕೈಗಿತ್ತ. ಮರುವರ್ಷ ಹೊಸ ತಂಡ ವೇಗಾಸ್‌ ಅನ್ನು ಫೈನಲ್‌ವರೆಗೆ ಕೊಂಡೊಯ್ದಾಗ ಆತನ ಪ್ಲೇಆಫ್ ಶೇಕಡಾವಾರು 92.7. ಅದೇ 30 ಹೊಡೆತಕ್ಕೆ ಈಗ ಸುಮಾರು 2 ಗೋಲು. 2021ರಲ್ಲಿ ಶ್ರೇಷ್ಠ ಗೋಲ್‌ಕೀಪರ್‌ಗೆ ಕೊಡುವ ವೆಝಿನಾ ಪ್ರಶಸ್ತಿಯೂ ಬಂತು. 2025ರಲ್ಲಿ ನಿವೃತ್ತನಾದಾಗ ಆತನ ಗೆಲುವುಗಳು 575. ಅದಕ್ಕಿಂತ ಹೆಚ್ಚು ಗೆದ್ದವನು ಮಾರ್ಟಿನ್ ಬ್ರೋಡರ್ ಒಬ್ಬನೇ.

ನಮ್ಮ ಮನೆಯಲ್ಲಿ ಉರ್ದುವಿನಲ್ಲಿ ಇದಕ್ಕೆ 'ಸಬರ್' ಎನ್ನುತ್ತಾರೆ. ಸಬರ್ ಎಂದರೆ ಕೈಕಟ್ಟಿ ಕೂರುವುದಲ್ಲ, ದುಡಿಯುತ್ತಾ ಕಾಯುವುದು.

ಮಧ್ಯವಾರ್ಷಿಕ ಪರೀಕ್ಷೆಯ ಅಂಕಗಳನ್ನು ನೋಡಿ "ಇವನಿಂದ ಆಗದು" ಎಂದು ಯಾರಾದರೂ ಹೇಳಿದರೆ ಎರಡು ಕೆಲಸ ಮಾಡೋಣ. ಅಂಕದಲ್ಲಿರುವ ನಿಜವನ್ನು ಒಪ್ಪಿಕೊಂಡು ಎಲ್ಲಿ ಗೋಲು ಬಿಟ್ಟೆವು ಎಂದು ಹುಡುಕೋಣ. "ಆಗದು" ಎಂಬ ತೀರ್ಪನ್ನು ಮಾತ್ರ ಒಪ್ಪುವುದು ಬೇಡ. ಒಂದು ಪುಟದಲ್ಲಿ ನಷ್ಟ ಕಂಡ ಮಾತ್ರಕ್ಕೆ ಯಾವ ವ್ಯಾಪಾರಿಯೂ ಲೆಡ್ಜರ್ ಮುಚ್ಚುವುದಿಲ್ಲ.